ಸೀಸನ್ನಿಗೊಂದು ಕ್ಲಬ್: ಊರೂರು ತಿರುಗಿ ಆಡುವ ಫುಟ್‌ಬಾಲಿಗರಿಗೊಂದು ಕೈಪಿಡಿ

ಭಾರತದಲ್ಲಿ ಫುಟ್‌ಬಾಲ್ ಆಡಿಯೇ ಮನೆ ನಡೆಸುವವರಲ್ಲಿ ಬಹಳ ಮಂದಿ ಸೀಸನ್ನಿಗೊಂದು, ಹೆಚ್ಚೆಂದರೆ ಎರಡು ಸೀಸನ್ನಿಗೊಂದು ಕ್ಲಬ್ ಬದಲಿಸುತ್ತಾರೆ. ಒಂದು ವರ್ಷ ಬೆಂಗಳೂರಿನ ಸ್ಥಳೀಯ ಲೀಗ್ ಆದ ಸೂಪರ್ ಡಿವಿಷನ್, ಮುಂದಿನ ವರ್ಷ ಗೋವಾ, ಆಮೇಲೆ ದೇಶದ ಎರಡನೇ ಹಂತದ ಐ-ಲೀಗ್‌ನ ಒಂದು ತಂಡ, ಮತ್ತೆ ಬೆಂಗಳೂರು. ಇದನ್ನು ಸೋಲು ಅಂದುಕೊಳ್ಳಬೇಕಿಲ್ಲ. ಸುನಿಲ್ ಛೆಟ್ರಿಯವರೂ 2002ರಲ್ಲಿ ಮೋಹನ್ ಬಗಾನ್ ಸೇರಿದ ಮೇಲೆ 2013ರಲ್ಲಿ ಬೆಂಗಳೂರು ಎಫ್‌ಸಿಗೆ ಬರುವತನಕ ಜೆಸಿಟಿ, ಈಸ್ಟ್ ಬೆಂಗಾಲ್, ಡೆಂಪೊ, ಅಮೆರಿಕದ ಕಾನ್ಸಾಸ್ ಸಿಟಿ, ಚಿರಾಗ್ ಯುನೈಟೆಡ್, ಮತ್ತೆ ಮೋಹನ್ ಬಗಾನ್, ಪೋರ್ಚುಗಲ್‌ನ ಸ್ಪೋರ್ಟಿಂಗ್‌ನ ಬಿ ತಂಡ, ಚರ್ಚಿಲ್ ಬ್ರದರ್ಸ್ ಎಂದು ಸುತ್ತಿದವರೇ.

ಸುತ್ತಾಟ ಎಲ್ಲರಿಗೂ ಒಂದೇ, ಆದರೆ ಅದರಲ್ಲಿ ಹತ್ತು ಹನ್ನೆರಡು ವರ್ಷ ಬಾಳುವವರು ಕಡಿಮೆ. ಬಾಳಿದವರನ್ನು ನೋಡಿದರೆ ಒಂದು ಮಾತು ಸ್ಪಷ್ಟ: ಕಾಲಿನ ಚಳಕ ಒಂದು ಮಟ್ಟದವರೆಗೆ ಎಲ್ಲರಿಗೂ ಇರುತ್ತದೆ. ಈ ಕ್ಲಬ್‌ನಲ್ಲಿ ಆಡುತ್ತಿರುವಾಗಲೇ ಮುಂದಿನ ಕ್ಲಬ್‌ಗೆ ತಯಾರಿ ಮಾಡಿ, ಕಾಗದಪತ್ರ ಜೋಪಾನ ಮಾಡಿ, ಮೈಯನ್ನು ಕಾಯ್ದುಕೊಂಡವರು ಉಳಿಯುತ್ತಾರೆ. ಈ ಮೂರನ್ನೂ ಹೇಗೆ ಮಾಡಬೇಕೆಂಬುದನ್ನೇ ಇಲ್ಲಿ ಹೇಳಹೊರಟಿರುವುದು.

ಸಂಬಳವನ್ನು ಹನ್ನೆರಡರಿಂದ ಭಾಗಿಸಿ

ಕ್ಲಬ್‌ನವರು ಫೋನಿನಲ್ಲಿ ಹೇಳುವುದು ತಿಂಗಳ ಸಂಬಳ. ನೀವು ಕೇಳಬೇಕಾದ ಮೊದಲ ಪ್ರಶ್ನೆ, ಎಷ್ಟು ತಿಂಗಳು? ಉದಾಹರಣೆಗೆ ತಿಂಗಳಿಗೆ 40,000 ರೂಪಾಯಿ, 7 ತಿಂಗಳ ಒಪ್ಪಂದ ಅಂದುಕೊಳ್ಳಿ. ಒಟ್ಟು 2,80,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 23,333. ಇದರ ಪಕ್ಕದಲ್ಲಿ ತಿಂಗಳಿಗೆ 30,000ದ 11 ತಿಂಗಳ ಒಪ್ಪಂದವೊಂದು ಬಂದರೆ ಒಟ್ಟು 3,30,000, ತಿಂಗಳಿಗೆ 27,500. ಸಂಖ್ಯೆ ಚಿಕ್ಕದಾಗಿ ಕಂಡ ಎರಡನೆಯದೇ ದೊಡ್ಡದು. ಇದಕ್ಕೆ ವಸತಿ, ಊಟ, ಊರಿಗೆ ಹೋಗಿಬರುವ ಟಿಕೆಟ್ ಸೇರಿಸಿ ಮತ್ತೊಮ್ಮೆ ತೂಗಿ. ಕ್ಲಬ್ ಮನೆ ಕೊಡದಿದ್ದರೆ ಬೆಂಗಳೂರಿನಲ್ಲಾಗಲಿ ಗೋವಾದಲ್ಲಾಗಲಿ ಬಾಡಿಗೆಯೇ ಸಂಬಳದ ದೊಡ್ಡ ಪಾಲು ನುಂಗುತ್ತದೆ.

ಎಷ್ಟೋ ಕ್ಲಬ್‌ಗಳು ಆಟಗಾರರಿಗೆ ನೌಕರನ ಸಂಬಳದಂತೆ ಕೊಡದೆ ವೃತ್ತಿಪರ ಶುಲ್ಕವಾಗಿ ಕೊಟ್ಟು ಶೇ 10 ಟಿಡಿಎಸ್ ಮುರಿದುಕೊಳ್ಳುತ್ತವೆ. ಹೀಗಿದ್ದರೆ ಪಿಎಫ್ ಇರುವುದಿಲ್ಲ, ನಿವೃತ್ತಿಯ ಉಳಿತಾಯ ನಿಮ್ಮ ತಲೆಯ ಮೇಲೇ. ಮುರಿದುಕೊಂಡ ತೆರಿಗೆಯನ್ನು ಕ್ಲಬ್ ಕಟ್ಟಿದೆಯೇ ಎಂದು ಮೂರು ತಿಂಗಳಿಗೊಮ್ಮೆ ಆದಾಯ ತೆರಿಗೆ ಜಾಲತಾಣದಲ್ಲಿ ನಿಮ್ಮ ಪ್ಯಾನ್ ಖಾತೆಗೆ ಲಾಗಿನ್ ಆಗಿ ನೋಡಿ. ಸೀಸನ್ ಮುಗಿದು ಕ್ಲಬ್‌ನ ಆಫೀಸೇ ಮುಚ್ಚಿದ ಮೇಲೆ ನೋಡಿದರೆ ಕೇಳಲು ಯಾರೂ ಸಿಗುವುದಿಲ್ಲ. ಆದಾಯ ತೆರಿಗೆ ಮಿತಿಯೊಳಗಿದ್ದರೂ ರಿಟರ್ನ್ ಸಲ್ಲಿಸಿ. ಮುರಿದ ಹಣ ವಾಪಸು ಬರುವುದು ಅದರಿಂದಲೇ, ಮುಂದೆ ಬ್ಯಾಂಕ್ ಸಾಲಕ್ಕೆ ಹೋದಾಗ ಮೊದಲು ಕೇಳುವುದೂ ಅದನ್ನೇ.

ಆರು ತಿಂಗಳ ಮನೆಖರ್ಚನ್ನು ಪ್ರತ್ಯೇಕ ಖಾತೆಯಲ್ಲಿಡುವುದು ಈ ವೃತ್ತಿಯಲ್ಲಿ ಅತಿಯಾದ ಎಚ್ಚರಿಕೆ ಅಲ್ಲ. 2010ರಲ್ಲಿ ಮಹೀಂದ್ರ ಯುನೈಟೆಡ್, 2011ರಲ್ಲಿ ಜೆಸಿಟಿ ಬಾಗಿಲು ಹಾಕಿದವು. ಎರಡೂ ರಾಷ್ಟ್ರೀಯ ಲೀಗ್ ಗೆದ್ದಿದ್ದ ತಂಡಗಳು. 2025ರ ಜುಲೈಯಲ್ಲಿ ದೇಶದ ಅಗ್ರ ಲೀಗ್ ಆದ ಇಂಡಿಯನ್ ಸೂಪರ್ ಲೀಗನ್ನೇ (ಐಎಸ್‌ಎಲ್) ತಡೆಹಿಡಿದಾಗ, ಸೆಪ್ಟೆಂಬರ್ ಹೊತ್ತಿಗೆ ಶುರುವಾಗಬೇಕಿದ್ದ ಸೀಸನ್ ಆ ವರ್ಷ ಮುಗಿದರೂ ಶುರುವಾಗಲಿಲ್ಲ. ಕೆಲವು ಕ್ಲಬ್‌ಗಳು ಸಂಬಳ ನಿಲ್ಲಿಸಿದವು. ಮೇಲಿನ ಮೆಟ್ಟಿಲಲ್ಲೇ ಹೀಗಾದರೆ ಕೆಳಗಿನವರ ಗತಿ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ಸ್ಥಾನಕ್ಕೆ ಬೇಡಿಕೆ, ಯಾವ ತಿಂಗಳಲ್ಲಿ

ಐಎಸ್‌ಎಲ್‌ನಲ್ಲಿ 2021-22ರಿಂದ ಮೈದಾನದಲ್ಲಿ ಏಕಕಾಲಕ್ಕೆ 4 ವಿದೇಶಿಯರಿಗಷ್ಟೇ ಅವಕಾಶ. ಅದಕ್ಕೆ ಮೊದಲು 5 ಇತ್ತು. ಆ ನಾಲ್ಕು ಜಾಗ ಸಾಮಾನ್ಯವಾಗಿ ಸ್ಟ್ರೈಕರ್, ಮಧ್ಯದ ಮಿಡ್‌ಫೀಲ್ಡ್ ಮತ್ತು ಸೆಂಟರ್ ಬ್ಯಾಕ್‌ಗೆ ಹೋಗುತ್ತವೆ. ಭಾರತೀಯನಿಗೆ ಖಾತ್ರಿಯಾಗಿ ಉಳಿಯುವುದು ಫುಲ್ ಬ್ಯಾಕ್, ವಿಂಗ್, ಗೋಲ್‌ಕೀಪಿಂಗ್. ಹದಿನೇಳು ಹದಿನೆಂಟರ ಹುಡುಗ ಸ್ಟ್ರೈಕರ್ ಆಗಿಯೇ ಇರುತ್ತೇನೆಂದು ಹಟ ಹಿಡಿದಿದ್ದರೆ ಕೋಚ್ ಹತ್ತಿರ ಕೂತು ಮಾತಾಡುವುದು ಒಳ್ಳೆಯದು. ಎಡಗಾಲಿನವರಂತೂ ಲೆಫ್ಟ್ ಬ್ಯಾಕ್ ಕಲಿತರೆ ಕೆಲಸ ಹುಡುಕಿಕೊಂಡು ಬರುತ್ತದೆ, ಯಾಕೆಂದರೆ ಎಡಗಾಲಿನ ಲೆಫ್ಟ್ ಬ್ಯಾಕ್ ಯಾವ ಕ್ಲಬ್‌ನಲ್ಲೂ ಸಾಕಷ್ಟಿರುವುದಿಲ್ಲ. ಎರಡು ಸ್ಥಾನ ಆಡಬಲ್ಲವನಿಗೆ ಬೆಂಚಿನಲ್ಲಾದರೂ ಜಾಗ ಸಿಗುತ್ತದೆ. ಮೂರು ನಾಲ್ಕು ಆಡುತ್ತೇನೆ ಅನ್ನುವವನನ್ನು ಯಾವುದಕ್ಕೂ ಯಾರೂ ನೆನೆಯುವುದಿಲ್ಲ.

ಗೋಲ್‌ಕೀಪರ್‌ಗಳ ಲೆಕ್ಕ ಬೇರೆ. ತಂಡಕ್ಕೆ ಮೂವರು, ಆಡುವವನು ಒಬ್ಬ. ಸಂಬಳ ಚೆನ್ನಾಗಿದೆಯೆಂದು ದೊಡ್ಡ ಕ್ಲಬ್‌ನ ಮೂರನೇ ಕೀಪರ್ ಆಗಿ ಎರಡು ವರ್ಷ ಕೂತವನಿಗೆ ತೋರಿಸಲು ಒಂದು ಪಂದ್ಯದ ವಿಡಿಯೊ ಇರುವುದಿಲ್ಲ. ಅಂಥ ಒಪ್ಪಂದಕ್ಕೆ ಸಹಿ ಹಾಕುವುದಾದರೆ ಲೋನ್ ಮೇಲೆ, ಅಂದರೆ ಎರವಲಾಗಿ, ಬೇರೆ ಕ್ಲಬ್‌ಗೆ ಆಡಲು ಬಿಡುವ ಷರತ್ತನ್ನು ಮೊದಲೇ ಬರೆಸಿಕೊಳ್ಳಿ.

ಕ್ಯಾಲೆಂಡರ್ ತಿಳಿದಿರಬೇಕು. ಕೋಲ್ಕತ್ತ ಲೀಗ್ ಮಳೆಗಾಲದ್ದು, ಜೂನ್ ಜುಲೈಯಲ್ಲಿ ಆರಂಭ. ಡುರಾಂಡ್ ಕಪ್ ಕೂಡ ಅದೇ ಹೊತ್ತಿಗೆ. ಐಎಸ್‌ಎಲ್, ಐ-ಲೀಗ್ ಸಾಮಾನ್ಯ ವರ್ಷಗಳಲ್ಲಿ ಮಳೆಗಾಲ ಮುಗಿದ ಮೇಲೆ ಶುರುವಾಗಿ ಬೇಸಗೆಗೆ ಮುಗಿಯುತ್ತವೆ. ಬೆಂಗಳೂರು ಸೂಪರ್ ಡಿವಿಷನ್‌ನ ತಾರೀಕು ವರ್ಷ ವರ್ಷವೂ ಹಿಂದೆ ಮುಂದೆ ಆಗುತ್ತದೆ. ಹಳಬರು ಮಾಡುವುದೇನೆಂದರೆ ಒಂದು ಮಳೆಗಾಲದ ಲೀಗ್, ಒಂದು ಚಳಿಗಾಲದ ಲೀಗ್ ಎಂದು ಎರಡನ್ನು ಜೋಡಿಸಿಕೊಳ್ಳುವುದು. ಆದರೆ ಕೋಲ್ಕತ್ತದಲ್ಲಿ ಈಗ ಬಂಗಾಳದ ಆಟಗಾರರನ್ನೇ ಇಂತಿಷ್ಟು ಮಂದಿ ಕಣಕ್ಕಿಳಿಸಬೇಕೆಂಬ ನಿಯಮ ಬಂದಿದೆ. ಅಹ್ಮದ್ ಖಾನ್, ಅರುಮೈನಾಯಗಂ, ಉಲಗನಾಥನ್ ಅವರ ಕಾಲದಲ್ಲಿ ಬೆಂಗಳೂರಿನಿಂದ ಕೋಲ್ಕತ್ತಕ್ಕೆ ಇದ್ದ ಹಾದಿ ಇವತ್ತು ಹೊರಗಿನವರಿಗೆ ಕಿರಿದಾಗಿದೆ. ಹಾಗಾಗಿ ಅಲ್ಲಿನ ಕ್ಲಬ್ ಕರೆದರೆ, ಹೊರರಾಜ್ಯದವರು ಎಷ್ಟು ಜನ ಇದ್ದಾರೆ, ನಿಮ್ಮ ಸ್ಥಾನಕ್ಕೆ ಯಾರಿದ್ದಾರೆ ಎಂದು ವಿಚಾರಿಸದೆ ರೈಲು ಹತ್ತಬೇಡಿ.

ಇಲ್ಲೊಂದು ಬಲೆ ಇದೆ. ಫಿಫಾ ನಿಯಮದ ಪ್ರಕಾರ ಒಬ್ಬ ಆಟಗಾರ ಒಂದು ಸೀಸನ್ನಿನಲ್ಲಿ ಗರಿಷ್ಠ 3 ಕ್ಲಬ್‌ಗಳಲ್ಲಿ ನೋಂದಣಿ ಮಾಡಿಸಬಹುದು, ಆದರೆ ಅಧಿಕೃತ ಪಂದ್ಯ ಆಡುವುದು 2 ಕ್ಲಬ್‌ಗಳಿಗೆ ಮಾತ್ರ. ಗೆಳೆಯರ ಕ್ಲಬ್‌ಗೆಂದು ಎರಡು ಪಂದ್ಯ ಆಡಿಕೊಟ್ಟು, ಜನವರಿಯಲ್ಲಿ ಒಳ್ಳೆಯ ಆಫರ್ ಬಂದಾಗ ಕೈಕಟ್ಟಿ ಕೂರುವ ಸ್ಥಿತಿ ಬರುತ್ತದೆ. ಎರಡನೇ ಕ್ಲಬ್‌ಗೆ ಬೂಟು ಕಟ್ಟುವ ಮೊದಲು, ಈ ಸೀಸನ್ ಇದೇ ಕೊನೆಯದಾದರೂ ಪರವಾಗಿಲ್ಲವೇ ಎಂದು ಯೋಚಿಸಿ.

ವಿಡಿಯೊ: ಮೂರು ನಾಲ್ಕು ನಿಮಿಷದಲ್ಲಿ ನಿಮ್ಮ ಆಟ

ಹೊಸ ಕ್ಲಬ್‌ಗೆ ಕಳಿಸಲು ನಿಮ್ಮ ಆಟದ ತುಣುಕುಗಳನ್ನು ಜೋಡಿಸಿದ ಒಂದು ವಿಡಿಯೊ ಬೇಕು. ಕೋಚ್‌ಗೆ, ಪಂದ್ಯಗಳನ್ನು ವಿಶ್ಲೇಷಿಸುವ ತಂಡದ ಅನಲಿಸ್ಟ್‌ಗೆ ಇಂಥ ವಿಡಿಯೊಗಳು ರಾಶಿ ರಾಶಿ ಬರುತ್ತವೆ. ಒಟ್ಟು 3ರಿಂದ 4 ನಿಮಿಷ ಇರಲಿ. ಮೊದಲ ಫಲಕದಲ್ಲಿ ಹೆಸರು, ಹುಟ್ಟಿದ ದಿನ, ಎತ್ತರ, ಯಾವ ಕಾಲು, ಸ್ಥಾನ, ಈಗಿನ ಕ್ಲಬ್, ಒಪ್ಪಂದ ಮುಗಿಯುವ ತಿಂಗಳು, ಫೋನ್ ನಂಬರ್. ಐದು ಸೆಕೆಂಡು ಸಾಕು. ಪ್ರತಿ ತುಣುಕಿನಲ್ಲೂ ಚೆಂಡು ಬರುವುದಕ್ಕೆ ಎರಡು ಸೆಕೆಂಡು ಮೊದಲು ನಿಮ್ಮ ಸುತ್ತ ಒಂದು ವೃತ್ತ ಅಥವಾ ಬಾಣ ಬರಬೇಕು, ಇಲ್ಲವಾದರೆ ನೋಡುವವನು ಇಪ್ಪತ್ತೆರಡು ಜನರಲ್ಲಿ ನಿಮ್ಮನ್ನು ಹುಡುಕುತ್ತಾ ಇರುತ್ತಾನೆ. ಹಾಡು ಹಾಕಬೇಡಿ, ನಿಧಾನಗತಿ ಬೇಡ.

ನಿಮ್ಮ ಅತ್ಯುತ್ತಮ ತುಣುಕು ಮೊದಲು ಬರಲಿ, ಆದರೆ ಅದು ನಿಮ್ಮ ಸ್ಥಾನದ ಕೆಲಸವನ್ನೇ ತೋರಿಸಬೇಕು. ರೈಟ್ ಬ್ಯಾಕ್ ಹೊಡೆದ ಒಂದು ಗೋಲಿಗಿಂತ, ವಿಂಗರ್ ಜೊತೆ ಒಬ್ಬನಿಗೊಬ್ಬ ನಿಂತು ತಡೆದ ಆರು ತುಣುಕು, ದೂರದ ಕಂಬದ ಬಳಿ ಹಿಂದೆ ಓಡಿಬಂದು ತಲೆಯಿಂದ ಚೆಂಡು ತೆಗೆದ ಎರಡು ತುಣುಕು, ಒತ್ತಡದಲ್ಲಿ ಒಳಗಡೆಗೆ ಕೊಟ್ಟ ಪಾಸ್ ಹೆಚ್ಚು ಬೆಲೆಬಾಳುತ್ತವೆ. ಕೀಪರ್ ಆಗಿದ್ದರೆ ಹಾರಿ ಹಿಡಿದದ್ದರ ಜೊತೆ ಕ್ರಾಸ್‌ಗೆ ಹೊರಬಂದದ್ದು, ಕಾಲಿನಿಂದ ಹಂಚಿದ್ದು ಇರಲೇಬೇಕು. ಕೊನೆಯಲ್ಲಿ ಎರಡು ಪೂರ್ತಿ ಪಂದ್ಯಗಳ ಲಿಂಕ್ ಕೊಡಿ, ಅದರಲ್ಲೊಂದು ನಿಮ್ಮ ತಂಡ ಸೋತದ್ದಾಗಿರಲಿ. ತಿಳಿದ ಕೋಚ್ ನೋಡುವುದು ಅದನ್ನೇ: ಎರಡು ಗೋಲು ಹಿಂದಿರುವಾಗ ಎಪ್ಪತ್ತನೇ ನಿಮಿಷದಲ್ಲಿ ನೀವು ಓಡುತ್ತಿದ್ದೀರಾ, ನಡೆಯುತ್ತಿದ್ದೀರಾ.

ಸೂಪರ್ ಡಿವಿಷನ್ ಪಂದ್ಯಗಳ ಪ್ರಸಾರ ಎಷ್ಟು ದಿನ ಜಾಲದಲ್ಲಿ ಉಳಿಯುತ್ತದೆಂದು ಹೇಳಲಾಗದು. ಪಂದ್ಯ ಮುಗಿದ ವಾರದೊಳಗೆ ಇಳಿಸಿಕೊಂಡು, ನಿಮ್ಮ ತುಣುಕುಗಳ ನಿಮಿಷ ಸೆಕೆಂಡನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಪ್ರತಿ ಪಂದ್ಯದ ದಿನಾಂಕ, ಎದುರಾಳಿ, ಆಡಿದ ನಿಮಿಷ, ಸ್ಥಾನ ಇವಿಷ್ಟೂ ಒಂದು ಹಾಳೆಯಲ್ಲಿರಲಿ. ಸಂಬಳದ ಮಾತುಕತೆಗೆ ಕೂತಾಗ ನಿಮ್ಮ ಬೆನ್ನಿಗೆ ನಿಲ್ಲುವುದು ಈ ಹಾಳೆ.

ಟ್ರಯಲ್ಸ್‌ಗೆ ಕರೆ ಬಂದರೆ ನಾಲ್ಕು ವಿಷಯ ಮೆಸೇಜಿನಲ್ಲಿ ಬರೆಸಿಕೊಳ್ಳಿ: ಎಷ್ಟು ದಿನ, ಉಳಿಯುವುದೆಲ್ಲಿ, ಹೋಗಿಬರುವ ಖರ್ಚು ಯಾರದು, ಟ್ರಯಲ್ಸ್‌ನಲ್ಲಿ ಪೆಟ್ಟಾದರೆ ಆಸ್ಪತ್ರೆಯ ಬಿಲ್ ಯಾರು ಕಟ್ಟುತ್ತಾರೆ. ನೋಂದಣಿ ಶುಲ್ಕ, ಕಿಟ್ ಶುಲ್ಕ ಎಂದು ನಿಮ್ಮಿಂದಲೇ ಹಣ ಕೇಳುವವರು ಆಟಗಾರರನ್ನು ಹುಡುಕುತ್ತಿಲ್ಲ, ಗಿರಾಕಿಗಳನ್ನು ಹುಡುಕುತ್ತಿದ್ದಾರೆ. ಏಜೆಂಟ್ ಎಂದು ಹೇಳಿಕೊಳ್ಳುವವರಿಗೆ 2023ರ ಅಕ್ಟೋಬರ್‌ನಿಂದ ಫಿಫಾ ಲೈಸೆನ್ಸ್ ಕಡ್ಡಾಯ, ಪರೀಕ್ಷೆ ಪಾಸು ಮಾಡಿ ಪಡೆಯುವಂಥದ್ದು. ಫಿಫಾ ಜಾಲತಾಣದ ಪಟ್ಟಿಯಲ್ಲಿ ಹೆಸರು ಹುಡುಕಿದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಆಟಗಾರನ ಜೊತೆ ಏಜೆಂಟ್ ಮಾಡಿಕೊಳ್ಳುವ ಒಪ್ಪಂದ ಎರಡು ವರ್ಷ ಮೀರುವಂತಿಲ್ಲ. ಕಮಿಷನ್ ಲೆಕ್ಕ ಹಾಕುವುದು ಕೈಗೆ ಬಂದ ಸಂಬಳದ ಮೇಲೆ, ಕಾಗದದ ಮೇಲಿನ ಸಂಬಳದ ಮೇಲಲ್ಲ ಎಂದು ಸ್ಪಷ್ಟವಾಗಿ ಬರೆಸಿ.

ಒಪ್ಪಂದ ಓದುವ ಬಗೆ

ಒಪ್ಪಂದದ ಪ್ರತಿ ಕೈಗೆ ಬಂದ ದಿನವೇ ಸಹಿ ಹಾಕಬೇಡಿ. ಒಂದು ರಾತ್ರಿ ಮನೆಗೆ ತನ್ನಿ, ಇಂಗ್ಲಿಷ್ ಚೆನ್ನಾಗಿ ಬಲ್ಲವರೊಬ್ಬರನ್ನು ಪಕ್ಕಕ್ಕೆ ಕೂರಿಸಿಕೊಂಡು ಓದಿ. ಇವತ್ತೇ ಹಾಕಬೇಕು, ಇಲ್ಲದಿದ್ದರೆ ಬೇರೆಯವನಿಗೆ ಕೊಡುತ್ತೇವೆ ಅನ್ನುವ ಕ್ಲಬ್ ಸಂಬಳದ ದಿನವೂ ಹೀಗೆಯೇ ನಡೆದುಕೊಳ್ಳುತ್ತದೆ.

ಮೊದಲು ನೋಡಬೇಕಾದ್ದು ಆರಂಭ ಮತ್ತು ಮುಕ್ತಾಯದ ತಾರೀಕು. ತಂಡದ ಕೊನೆಯ ಪಂದ್ಯದವರೆಗೆ ಎಂದಷ್ಟೇ ಬರೆದಿದ್ದರೆ, ನಾಕೌಟ್‌ನಲ್ಲಿ ಬೇಗ ಹೊರಬಿದ್ದ ದಿನವೇ ನಿಮ್ಮ ಸಂಬಳವೂ ನಿಂತಂತೆ. ದಿನ, ತಿಂಗಳು, ವರ್ಷ ಅಂಕಿಯಲ್ಲಿರಲಿ. ಫಿಫಾ ನಿಯಮದಲ್ಲಿ ಒಪ್ಪಂದದ ಗರಿಷ್ಠ ಅವಧಿ 5 ವರ್ಷ, 18 ತುಂಬದವರಿಗೆ 3 ವರ್ಷ.

ಸಂಬಳದ ಕಲಮಿನಲ್ಲಿ ಮೊತ್ತದ ಜೊತೆ ಯಾವ ತಾರೀಕಿನೊಳಗೆ ಎಂಬುದೂ ಇರಬೇಕು. ‘ಪ್ರತಿ ತಿಂಗಳು’ ಅಂದರೆ ಸಾಲದು, ‘ಮುಂದಿನ ತಿಂಗಳ 7ನೇ ತಾರೀಕಿನೊಳಗೆ’ ಎಂದಿರಲಿ. ತಡವಾಯಿತೆಂದು ಹೇಳಲು ತಾರೀಕು ಬೇಕಲ್ಲವೇ? ಬೋನಸ್ ಎಂಬ ಪದ ಕಂಡರೆ ಯಾವುದಕ್ಕೆ, ಎಷ್ಟು, ಯಾವಾಗ ಎಂಬ ಮೂರೂ ಪಕ್ಕದಲ್ಲಿರಬೇಕು.

ಕ್ಲಬ್‌ನ ಇಚ್ಛೆಯಂತೆ ಇನ್ನೊಂದು ವರ್ಷ ಇದೇ ಸಂಬಳಕ್ಕೆ ಮುಂದುವರಿಸಬಹುದು ಎಂಬ ಸಾಲು ಸುತ್ತಾಡುವ ಆಟಗಾರನಿಗೆ ಅಪಾಯಕಾರಿ. ಚೆನ್ನಾಗಿ ಆಡಿದರೆ ನಿಮ್ಮನ್ನು ಹಳೆಯ ದರಕ್ಕೇ ಕಟ್ಟಿಹಾಕುತ್ತಾರೆ, ಆಡದಿದ್ದರೆ ಬಿಟ್ಟುಬಿಡುತ್ತಾರೆ. ಇಬ್ಬರೂ ಒಪ್ಪಿದರೆ ಮಾತ್ರ, ಶೇ ಇಂತಿಷ್ಟು ಹೆಚ್ಚಳದೊಂದಿಗೆ, ಏಪ್ರಿಲ್ 30ರೊಳಗೆ ತಿಳಿಸಬೇಕು ಎಂದು ತಿದ್ದಿಸಲು ಯತ್ನಿಸಿ.

ಗಾಯದ ಕಲಮು ಎಲ್ಲಕ್ಕಿಂತ ಮುಖ್ಯ. ಅದರಲ್ಲಿ ಆಸ್ಪತ್ರೆ, ಸ್ಕ್ಯಾನ್, ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ ಬೇರೆ ಬೇರೆಯಾಗಿ ಬರೆದಿರಬೇಕು. ವೈದ್ಯಕೀಯ ವೆಚ್ಚ ಅಂತಷ್ಟೇ ಇದ್ದರೆ ಆಪರೇಷನ್‌ಗೆ ಕೊಟ್ಟು ಆರು ತಿಂಗಳ ಫಿಸಿಯೋಗೆ ಕೈ ಎತ್ತುತ್ತಾರೆ. ಗಾಯದ ಅವಧಿಯಲ್ಲೂ ಪೂರ್ತಿ ಸಂಬಳ, ಒಪ್ಪಂದ ಮುಗಿದರೂ ಅದೇ ಗಾಯದ ಚಿಕಿತ್ಸೆ ಗುಣವಾಗುವತನಕ ಎಂದು ಕೇಳಿ. ಎರಡನೆಯದನ್ನು ಒಪ್ಪುವ ಕ್ಲಬ್‌ಗಳು ಕಡಿಮೆ, ಆದರೂ ಕೇಳಿ. ನಿಮ್ಮದೇ ವಿಮೆ ಮಾಡಿಸುವಾಗ ಹೊರತುಪಡಿಸಿದ ವಿಷಯಗಳ ಪಟ್ಟಿಯಲ್ಲಿ ವೃತ್ತಿಪರ ಕ್ರೀಡೆ ಇದೆಯೇ ನೋಡಿ. ಎಷ್ಟೋ ಅಪಘಾತ ವಿಮೆಗಳಲ್ಲಿ ಇರುತ್ತದೆ, ಆಗ ಕಟ್ಟಿದ ಪ್ರೀಮಿಯಂ ದಂಡ.

ಸಹಿಯಾದ ಮೇಲೆ ಮೆಡಿಕಲ್ ಪಾಸಾದರೆ ಮಾತ್ರ ಒಪ್ಪಂದ ಊರ್ಜಿತ ಅನ್ನುವ ಷರತ್ತು ಫಿಫಾ ನಿಯಮಕ್ಕೇ ವಿರುದ್ಧ. ಪರೀಕ್ಷೆ ಮಾಡುವುದಿದ್ದರೆ ಸಹಿಗೆ ಮೊದಲೇ ಮಾಡಬೇಕು. ಆಟಗಾರ್ತಿಯರಿಗೆ ಇನ್ನೊಂದು ರಕ್ಷಣೆ ಇದೆ: 2021ರಿಂದ ಕನಿಷ್ಠ 14 ವಾರ ಹೆರಿಗೆ ರಜೆ, ಅದರಲ್ಲಿ ಕನಿಷ್ಠ 8 ವಾರ ಹೆರಿಗೆಯ ನಂತರ, ಸಂಬಳದ ಮೂರನೇ ಎರಡು ಭಾಗದಷ್ಟಾದರೂ ಕೊಡಬೇಕು. ಇಂಡಿಯನ್ ವಿಮೆನ್ಸ್ ಲೀಗ್‌ನಲ್ಲಿ ಅವಧಿ ಚಿಕ್ಕದಿರುವುದರಿಂದ ಮೇಲೆ ಹೇಳಿದ ಹನ್ನೆರಡರ ಭಾಗಾಕಾರ ಅವರಿಗೆ ಇನ್ನೂ ಮುಖ್ಯ.

ಎರಡು ಕಾಗದದ ಆಟಕ್ಕೆ ಒಪ್ಪಬೇಡಿ. ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಆದ ಎಐಎಫ್‌ಎಫ್‌ನ ನೋಂದಣಿ ವ್ಯವಸ್ಥೆಯಾದ ಸಿಆರ್‌ಎಸ್‌ಗೆ ಹಾಕಲು ಒಂದು ಚಿಕ್ಕ ಮೊತ್ತದ ಒಪ್ಪಂದ, ಉಳಿದದ್ದಕ್ಕೆ ಪಕ್ಕದಲ್ಲೊಂದು ಪತ್ರ ಅಂದರೆ, ಜಗಳ ಬಂದ ದಿನ ಕ್ಲಬ್ ಕೈಯಲ್ಲಿ ಹಿಡಿಯುವುದು ಚಿಕ್ಕ ಮೊತ್ತದ್ದನ್ನೇ. ಪ್ರತಿ ಪುಟಕ್ಕೂ ಇಬ್ಬರ ಸಹಿ, ಕ್ಲಬ್‌ನ ಮೊಹರು, ನಿಮ್ಮದೊಂದು ಮೂಲ ಪ್ರತಿ. ಅದರ ಸ್ಕ್ಯಾನ್ ನಿಮ್ಮ ಇಮೇಲ್‌ಗೇ ಕಳಿಸಿಕೊಂಡಿರಿ.

ಸಂಬಳ ನಿಂತಾಗ

ಮೊದಲ ತಿಂಗಳು ತಪ್ಪಿದಾಗ ಮ್ಯಾನೇಜರ್‌ಗೆ ವಾಟ್ಸ್‌ಆ್ಯಪ್‌ನಲ್ಲಿ ಮರ್ಯಾದೆಯಿಂದ ಕೇಳಿ, ಉತ್ತರ ಉಳಿಸಿಕೊಳ್ಳಿ. ಫೋನಿನಲ್ಲಿ ಭರವಸೆ ಕೊಟ್ಟರೆ, ‘ಸರ್, ನೀವು ಈಗ ಹೇಳಿದಂತೆ 20ನೇ ತಾರೀಕಿಗೆ ಹಾಕುತ್ತೀರಿ ಎಂದುಕೊಂಡಿದ್ದೇನೆ’ ಎಂದು ಮೆಸೇಜ್ ಹಾಕಿ. ಇದು ಜಗಳವಲ್ಲ, ದಾಖಲೆ.

ಎರಡು ತಿಂಗಳ ಸಂಬಳ ಬಾಕಿಯಾದರೆ ಫಿಫಾ ನಿಯಮ ಆಟಗಾರನಿಗೆ ಒಂದು ದಾರಿ ಕೊಡುತ್ತದೆ: ಲಿಖಿತ ನೋಟಿಸ್ ಕೊಟ್ಟು, ಕನಿಷ್ಠ 15 ದಿನ ಕಾಯ್ದು, ಆಗಲೂ ಕೊಡದಿದ್ದರೆ ನ್ಯಾಯವಾದ ಕಾರಣದ ಮೇಲೆ ಒಪ್ಪಂದ ಮುರಿಯಬಹುದು. ನೋಟಿಸ್ ಒಂದೇ ಪುಟದ್ದಿರಲಿ. ಒಪ್ಪಂದದ ದಿನಾಂಕ, ಸಂಬಳದ ಕಲಮಿನ ಸಂಖ್ಯೆ, ಬಾಕಿ ಇರುವ ತಿಂಗಳುಗಳು, ಪ್ರತಿ ತಿಂಗಳ ಮೊತ್ತ, ಒಟ್ಟು ಮೊತ್ತ, ನಿಮ್ಮ ಬ್ಯಾಂಕ್ ಖಾತೆಯ ವಿವರ, ಹಣ ಬರಬೇಕಾದ ಕೊನೆಯ ದಿನಾಂಕ, ಬಾರದಿದ್ದರೆ ಒಪ್ಪಂದ ಮುರಿಯುವ ಹಕ್ಕು ಕಾಯ್ದಿರಿಸಿದ್ದೇನೆ ಎಂಬ ವಾಕ್ಯ. ಸಿಟ್ಟಿನ ಮಾತು ಒಂದೂ ಬೇಡ. ಕ್ಲಬ್‌ನ ಅಧಿಕೃತ ಇಮೇಲ್‌ಗೆ ಮತ್ತು ರಿಜಿಸ್ಟರ್ಡ್ ಅಂಚೆಯಲ್ಲಿ, ಎರಡೂ ರೀತಿ ಕಳಿಸಿ.

ತಪ್ಪುವುದು ಎಲ್ಲಿ ಅಂದರೆ, ನೋಟಿಸ್ ಕೊಡದೆ ಬ್ಯಾಗ್ ಎತ್ತಿಕೊಂಡು ಊರಿಗೆ ಹೊರಡುವುದರಲ್ಲಿ. ಅಭ್ಯಾಸಕ್ಕೆ ಹೋಗದಿದ್ದ ದಿನದಿಂದ ತಪ್ಪಿತಸ್ಥರು ನೀವಾಗುತ್ತೀರಿ. ಹದಿನೈದು ದಿನವೂ ಮೈದಾನಕ್ಕೆ ಹೋಗಿ, ಹಾಜರಿ ಇರಲಿ. ಇನ್ನೊಂದು ತಪ್ಪು, ಅರ್ಧ ಹಣ ಕೊಟ್ಟು ‘ಎಲ್ಲ ಲೆಕ್ಕ ಚುಕ್ತಾ’ ಎಂಬ ಕಾಗದಕ್ಕೆ ಸಹಿ ಕೇಳಿದಾಗ ಹಾಕಿಬಿಡುವುದು. ಭಾರತದ ಕ್ಲಬ್ ಮತ್ತು ಭಾರತದ ಆಟಗಾರನ ವ್ಯಾಜ್ಯ ಹೋಗುವುದು ಎಐಎಫ್‌ಎಫ್‌ನ ಪ್ಲೇಯರ್ ಸ್ಟೇಟಸ್ ಸಮಿತಿಗೆ. ನೋಟಿಸ್ ಬರೆಯುವ ಮೊದಲೇ ಭಾರತೀಯ ಫುಟ್‌ಬಾಲ್ ಆಟಗಾರರ ಸಂಘವಾದ ಎಫ್‌ಪಿಎಐ ಜೊತೆ ಮಾತಾಡಿ, 2006ರಲ್ಲಿ ಕಟ್ಟಿದ ಈ ಸಂಘ ಇರುವುದೇ ಇದಕ್ಕೆ. ವಿದೇಶದಲ್ಲಿ ಆಡುವಾಗ ಸಂಬಳ ನಿಂತರೆ ಫಿಫಾದ ನ್ಯಾಯಮಂಡಳಿಗೇ ಹೋಗಬಹುದು, ಆದರೆ ಎರಡು ವರ್ಷದೊಳಗೆ.

ಮೈ, ಬೂಟು, ಸೆವೆನ್ಸ್

ಪ್ರತಿ ಸೀಸನ್ನಿಗೂ ಮೈದಾನ ಬದಲಾಗುತ್ತದೆ. ಅಶೋಕನಗರದ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ ಕೃತಕ ಹುಲ್ಲಿನದು, ಕೋಲ್ಕತ್ತದ ಮಳೆಗಾಲದ ಮೈದಾನ ಕೆಸರಿನದು. ಗಟ್ಟಿ ನೆಲದ ಸಹಜ ಹುಲ್ಲಿಗೆಂದು ಮಾಡಿದ ಎಫ್‌ಜಿ ಬೂಟಿನ ಉದ್ದನೆಯ ಬ್ಲೇಡ್‌ಗಳು ಕೃತಕ ಹುಲ್ಲಿನಲ್ಲಿ ಕಚ್ಚಿಕೊಳ್ಳುತ್ತವೆ. ಮೈ ತಿರುಗಿದರೂ ಪಾದ ತಿರುಗುವುದಿಲ್ಲ, ಆ ತಿರುಚು ನೇರ ಮೊಣಕಾಲಿಗೆ. ಅಲ್ಲಿಗೆ ಗಿಡ್ಡ, ಗುಂಡನೆಯ, ಸಂಖ್ಯೆಯಲ್ಲಿ ಹೆಚ್ಚಿರುವ ಸ್ಟಡ್‌ಗಳ (ಅಡಿಯ ಮೊಳೆಗಳ) ಎಜಿ ಬೂಟು ಬೇಕು. ಕೆಸರಿಗೆ ಲೋಹದ ತುದಿಯ ಎಸ್‌ಜಿ. ಕಡಿಮೆಯೆಂದರೆ ಎರಡು ಜೊತೆ ಇರಲಿ. ಹೊಸ ಬೂಟನ್ನು ಪಂದ್ಯಕ್ಕೇ ಹಾಕಬೇಡಿ, ಮೂರು ನಾಲ್ಕು ಅಭ್ಯಾಸಗಳಲ್ಲಿ ಪಳಗಿಸಿ.

ಎಲ್ಲ ಕ್ಲಬ್‌ನಲ್ಲೂ ಒಳ್ಳೆಯ ಫಿಸಿಯೋ ಇರುತ್ತಾರೆಂದು ನೆಚ್ಚಬೇಡಿ. ನಿಮ್ಮದೇ ಒಂದು ಕ್ರಮ ಇರಬೇಕು. ಫಿಫಾ 11+ ವಾರ್ಮ್‌ಅಪ್ 20 ನಿಮಿಷದ್ದು, 15 ವ್ಯಾಯಾಮ, ಮೂರು ಭಾಗ: 8 ನಿಮಿಷ ನಿಧಾನ ಓಟ, 10 ನಿಮಿಷ ಬಲ, ನೆಗೆತ, ಸಮತೋಲನ, 2 ನಿಮಿಷ ವೇಗದ ಓಟ. ವಾರಕ್ಕೆ ಕನಿಷ್ಠ ಎರಡು ಸಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್‌ಗೆ ನಾರ್ಡಿಕ್ ವ್ಯಾಯಾಮ: ಮಂಡಿಯೂರಿ ಕೂತು, ಜೊತೆಗಾರ ಹಿಮ್ಮಡಿ ಹಿಡಿದಿರುವಾಗ, ಸೊಂಟ ಬಾಗಿಸದೆ ಇಡೀ ಮೈಯನ್ನು ಆದಷ್ಟು ನಿಧಾನಕ್ಕೆ ಮುಂದಕ್ಕೆ ಬಿಡುವುದು. ಮೊದಲ ವಾರ ಒಂದು ದಿನ ಐದೈದರ 2 ಸೆಟ್, ಎರಡನೇ ವಾರ ಎರಡು ದಿನ ಆರಾರರ 2 ಸೆಟ್, ಮೂರನೇ ವಾರದಿಂದ ಮೂರು ದಿನ, 3 ಸೆಟ್. ಐದನೇ ವಾರದ ಹೊತ್ತಿಗೆ ಮೂರು ಸೆಟ್‌ಗಳನ್ನು ಕ್ರಮವಾಗಿ 12, 10, 8 ಸಲಕ್ಕೆ ಏರಿಸಿ ಹತ್ತನೇ ವಾರದವರೆಗೆ ಎಳೆಯಿರಿ. ಆಮೇಲೆ ಸೀಸನ್ ಪೂರ್ತಿ ವಾರಕ್ಕೊಂದು ದಿನ ಸಾಕು. ಪಂದ್ಯದ ಹಿಂದಿನ ದಿನ ಬೇಡವೇ ಬೇಡ. ಆರಂಭದ ನೋವು ಕಂಡು ಎರಡನೇ ವಾರಕ್ಕೇ ಕೈಬಿಡುವವರು ಹೆಚ್ಚು, ನಾಲ್ಕನೇ ವಾರಕ್ಕೆ ಆ ನೋವು ತಾನಾಗಿ ಇಳಿಯುತ್ತದೆ.

ಸುತ್ತಾಡುವ ಆಟಗಾರನಿಗೆ ಗಾಯ ಮುಚ್ಚಿಡುವ ಆಸೆ ಬಲವಾಗಿರುತ್ತದೆ, ಜಾಗ ಹೋದೀತೆಂಬ ಭಯ. ಹ್ಯಾಮ್‌ಸ್ಟ್ರಿಂಗ್ ಪೂರ್ತಿ ಮಾಗದೆ ಇಳಿದರೆ ಮೂರು ವಾರದ ಗಾಯ ಮೂರು ತಿಂಗಳದ್ದಾಗುತ್ತದೆ. ಮೊಣಕಾಲಿನೊಳಗಿನ ಅಸ್ಥಿರಜ್ಜುವಾದ ಎಸಿಎಲ್‌ನ ಶಸ್ತ್ರಚಿಕಿತ್ಸೆಯಾದರೆ 9 ತಿಂಗಳಿಗೆ ಮೊದಲು ಪಂದ್ಯ ಬೇಡ, ಅದೂ ಗಾಯದ ಕಾಲಿನ ಬಲ ಇನ್ನೊಂದು ಕಾಲಿನ ಶೇ 90 ಮುಟ್ಟಿದ ಮೇಲೆ.

ಕೇರಳದ ಮಲಬಾರಿನ ಸೆವೆನ್ಸ್, ಅಂದರೆ ಏಳೇಳು ಜನರ ಫುಟ್‌ಬಾಲ್ ಬಗ್ಗೆ ಕೇಳುವವರು ಬಹಳ. ನವೆಂಬರ್‌ನಿಂದ ಮೇ ತನಕ ಮಲಪ್ಪುರಂ ಸುತ್ತಮುತ್ತ ರಾತ್ರಿಯ ದೀಪದಲ್ಲಿ, ತುಂಬಿದ ಗ್ಯಾಲರಿಯ ಮುಂದೆ ನಡೆಯುವ ಆಟ. ಪಂದ್ಯ ಮುಗಿದ ರಾತ್ರಿಯೇ ಕೈಗೆ ನಗದು. ಆಟದ ರಭಸವೂ ಚೆಂದವೂ ನಿಜ. ಆದರೆ ಗಟ್ಟಿ ನೆಲ, ದಿನ ಬಿಟ್ಟು ದಿನ ಪಂದ್ಯ, ಬೆನ್ನಿಗೆ ವಿಮೆ ಇಲ್ಲ, ಫೆಡರೇಷನ್ ಮಾನ್ಯತೆ ಇಲ್ಲ. ಒಪ್ಪಂದದಲ್ಲಿರುವಾಗ ಆಡಿದರೆ ಕ್ಲಬ್ ಸಂಬಳ ತಡೆಯಲು ಅದೊಂದೇ ಕಾರಣ ಸಾಕು. ಒಪ್ಪಂದ ಇಲ್ಲದ ತಿಂಗಳುಗಳಲ್ಲಿ ಆಡುವವರು ವಾರಕ್ಕೆ ಎರಡೇ ಪಂದ್ಯ ಎಂದು ಗೆರೆ ಎಳೆದುಕೊಳ್ಳಿ.

ಡಿಪಾರ್ಟ್‌ಮೆಂಟ್ ಕೆಲಸ: 25ರೊಳಗೆ ತೀರ್ಮಾನಿಸಿ

ಸರ್ಕಾರಿ ಕಾರ್ಖಾನೆಗಳಾದ ಐಟಿಐ, ಎಚ್‌ಎಎಲ್‌ಗಳ ತಂಡಗಳು ಬೆಂಗಳೂರಿನ ಆಟಗಾರರಿಗೆ ಕೆಲಸ ಕೊಟ್ಟು ಮನೆ ನಿಲ್ಲಿಸಿದ ಕಾಲವೊಂದಿತ್ತು. ಎಚ್‌ಎಎಲ್ 2011-12ರವರೆಗೆ ಐ-ಲೀಗ್ ಆಡಿತು. ಅಂಥ ನೇಮಕ ಈಗ ವಿರಳ, ಆದರೂ ರೈಲ್ವೆ, ಲೆಕ್ಕಪತ್ರ ಇಲಾಖೆ, ಆದಾಯ ತೆರಿಗೆ, ಅಂಚೆ, ಸೇನೆಯಲ್ಲಿ ಕ್ರೀಡಾ ಕೋಟಾ ಉಳಿದಿದೆ. ರೈಲ್ವೆಯ ಕ್ರೀಡಾ ಕೋಟಾಕ್ಕೆ ವಯಸ್ಸು 18ರಿಂದ 25, ಯಾವ ವರ್ಗಕ್ಕೂ ಸಡಿಲಿಕೆ ಇಲ್ಲ. ಇನ್ನೆರಡು ಸೀಸನ್ ನೋಡೋಣ ಎಂದು 26 ತುಂಬಿಸಿಕೊಂಡವರಿಗೆ ಆ ಬಾಗಿಲು ಮುಚ್ಚಿಹೋಯಿತು.

ಇಲ್ಲಿ ಕ್ಲಬ್ ಪಂದ್ಯಗಳಿಗಿಂತ ರಾಜ್ಯದ ಜೆರ್ಸಿಗೆ ಬೆಲೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ, 54 ವರ್ಷಗಳ ನಂತರ ಕರ್ನಾಟಕ ರಾಜ್ಯ ತಂಡಗಳ ಟೂರ್ನಿಯಾದ ಸಂತೋಷ್ ಟ್ರೋಫಿ ಗೆದ್ದಿತು. ಅಂಥ ರಾಜ್ಯ ತಂಡದಲ್ಲಿದ್ದುದಕ್ಕೆ ಬರುವ ಸರ್ಟಿಫಿಕೇಟ್ ಕೆಲಸದ ಅರ್ಜಿಯ ಜೀವಾಳ. ಕೇಂದ್ರ ಸರ್ಕಾರದ ನೇಮಕಕ್ಕೆ ರಾಜ್ಯ ಸಂಸ್ಥೆಯ ಕಾರ್ಯದರ್ಶಿ ಸಹಿ ಮಾಡಿದ ಫಾರ್ಮ್ 2 ಬೇಕು, ಅಂತರ ವಿಶ್ವವಿದ್ಯಾಲಯದ ಆಟಕ್ಕೆ ಫಾರ್ಮ್ 3. ಆಡಿದ ವರ್ಷವೇ ಪಡೆದುಕೊಳ್ಳಿ. ಐದು ವರ್ಷದ ನಂತರ ಹೋದರೆ ಪದಾಧಿಕಾರಿಗಳು ಬದಲಾಗಿ, ಹಳೆಯ ತಂಡದ ಪಟ್ಟಿ ಹುಡುಕುವುದೇ ದೊಡ್ಡ ಕೆಲಸ. ಎಸ್‌ಎಸ್‌ಎಲ್‌ಸಿ, ಪಿಯುಸಿ, ಆದರೆ ಡಿಗ್ರಿಯನ್ನೂ ಮುಗಿಸಿ, ಒಳ್ಳೆಯ ಹುದ್ದೆಗಳು ವಿದ್ಯಾರ್ಹತೆ ಕೇಳುತ್ತವೆ.

ಕೋಚಿಂಗ್ ಕಡೆ ಒಲವಿದ್ದರೆ ಎಐಎಫ್‌ಎಫ್‌ನ ಡಿ ಲೈಸೆನ್ಸನ್ನು ಆಡುತ್ತಿರುವಾಗಲೇ ಒಂದು ಆಫ್ ಸೀಸನ್‌ನಲ್ಲಿ ಮುಗಿಸಿ. ಮುಂದೆ ಸಿ, ಬಿ, ಎ, ಪ್ರೊ. ಒಂದೊಂದರ ನಡುವೆ ಕಾಯಬೇಕಾಗುವುದರಿಂದ 34ಕ್ಕೆ ಶುರು ಮಾಡಿದವನು ತಂಡದ ಮುಖ್ಯ ಕೋಚ್ ಆಗುವ ಹೊತ್ತಿಗೆ ಬಹಳ ವರ್ಷ ಕಳೆದಿರುತ್ತವೆ.

ಕ್ಲಬ್ ಬಿಡುವ ವಾರ

ಒಪ್ಪಂದದಲ್ಲಿ ಕೊನೆಯ 6 ತಿಂಗಳು ಉಳಿದಿರುವಾಗಲೇ ಬೇರೆ ಕ್ಲಬ್ ಜೊತೆ ಮುಂದಿನ ಸೀಸನ್ನಿಗೆ ಸಹಿ ಹಾಕಲು ನಿಯಮ ಬಿಡುತ್ತದೆ. ಆದ್ದರಿಂದ ಹುಡುಕಾಟ ಕೊನೆಯ ಪಂದ್ಯದ ನಂತರ ಶುರುವಾಗುವುದಲ್ಲ. ಹನ್ನೆರಡು ತಿಂಗಳಿಗಿಂತ ಚಿಕ್ಕ ಒಪ್ಪಂದಕ್ಕೆ ಹೆಂಡತಿ ಮಕ್ಕಳನ್ನು ಊರು ಬಿಡಿಸಿ ಕರೆತರಬೇಡಿ, ಮಕ್ಕಳ ಶಾಲೆ ಒಂದೇ ಕಡೆ ಇರಲಿ.

ಹೊರಡುವ ವಾರ ಕ್ಲಬ್ ಆಫೀಸಿಗೆ ಒಂದು ಚೀಟಿ ಹಿಡಿದು ಹೋಗಿ. ಬಾಕಿ ಸಂಬಳ ಬೋನಸ್‌ಗಳ ಲೆಕ್ಕ, ಟಿಡಿಎಸ್ ಸರ್ಟಿಫಿಕೇಟ್, ನಿಮ್ಮ ಎಂಆರ್‌ಐ ಎಕ್ಸ್‌ರೇಗಳ ಸಿಡಿ ಮತ್ತು ಫಿಸಿಯೋ ಬರೆದ ಟಿಪ್ಪಣಿ, ಅನಲಿಸ್ಟ್ ಹತ್ತಿರವಿರುವ ನಿಮ್ಮ ಪಂದ್ಯಗಳ ವಿಡಿಯೊ, ಕ್ಲಬ್‌ನ ಕಿಟ್ ಮತ್ತು ಕೋಣೆಯ ಕೀಲಿ ಒಪ್ಪಿಸಿದ್ದಕ್ಕೆ ರಸೀದಿ. ಅವಧಿಗೆ ಮೊದಲೇ ಬಿಡುತ್ತಿದ್ದರೆ ಇಬ್ಬರೂ ಸಹಿ ಹಾಕಿದ ಬಿಡುಗಡೆ ಪತ್ರ ಬೇಕು, ಅದರಲ್ಲಿ ಬಾಕಿ ಮೊತ್ತ ಮತ್ತು ಕೊಡುವ ತಾರೀಕು ಇರಲಿ. ವಿದೇಶಕ್ಕೆ ಹೊರಟವರಿಗೆ ಅಂತರರಾಷ್ಟ್ರೀಯ ವರ್ಗಾವಣೆ ಪ್ರಮಾಣಪತ್ರವಾದ ಐಟಿಸಿ ಬರಬೇಕು. ಅದನ್ನು ಹೊಸ ದೇಶದ ಸಂಸ್ಥೆ ಎಐಎಫ್‌ಎಫ್‌ನಿಂದ ತರಿಸಿಕೊಳ್ಳುತ್ತದೆ. ದೇಶದೊಳಗಿನ ಬದಲಾವಣೆಯಾದರೆ ಹೊಸ ಕ್ಲಬ್‌ನವರಿಂದಲೇ ಸಿಆರ್‌ಎಸ್ ತೆರೆಸಿ, ನಿಮ್ಮ ನೋಂದಣಿ ಹಳೆಯ ಕ್ಲಬ್‌ನಿಂದ ಬಿಡುಗಡೆಯಾಗಿದೆಯೇ ಎಂದು ನೋಡಿ. ವರ್ಗಾವಣೆ ಅವಧಿ ಮುಗಿಯುವ ಕೊನೆಯ ದಿನದ ಸಂಜೆಗೆ ಇದನ್ನು ಬಿಡಬೇಡಿ. ಹಳೆಯ ಕ್ಲಬ್‌ನ ಒಂದು ಒಪ್ಪಿಗೆ ಬಾಕಿ ಉಳಿದರೂ ಮುಂದಿನ ವರ್ಗಾವಣೆ ಅವಧಿ ತೆರೆಯುವ ಜನವರಿವರೆಗೆ ಅಭ್ಯಾಸ ಮಾತ್ರ, ಪಂದ್ಯ ಇಲ್ಲ.